ಅರ್ಧ ಹಡಗು ಕಬ್ಬಿಣ, ಒಂದು ಹಿಮಯುಗ

1988ರ ಜುಲೈ ತಿಂಗಳು. ಅಮೆರಿಕದ ಪೂರ್ವ ಕರಾವಳಿಯ ವುಡ್ಸ್ ಹೋಲ್ ಎಂಬ ಪುಟ್ಟ ಊರಿನ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಒಂದು ಉಪನ್ಯಾಸ ನಡೆದಿತ್ತು. ಮಾತನಾಡುತ್ತಿದ್ದವರು ಜಾನ್ ಮಾರ್ಟಿನ್. ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್ ಸಾಗರ ಪ್ರಯೋಗಾಲಯದ ನಿರ್ದೇಶಕರು. ಮಾತಿನ ನಡುವೆ ಅವರು ಸಿನಿಮಾದ ಹುಚ್ಚು ವಿಜ್ಞಾನಿಯ ಧಾಟಿಯನ್ನು ಅಣಕಿಸುತ್ತ, 'ಅರ್ಧ ಟ್ಯಾಂಕರ್ ಹಡಗಿನಷ್ಟು ಕಬ್ಬಿಣ ಕೊಡಿ, ನಿಮಗೊಂದು ಹಿಮಯುಗ ಕೊಡುತ್ತೇನೆ' ಎಂದರು. ಸಭೆ ನಕ್ಕಿತು.

ನಗೆಯ ಮಾತು ನಗೆಯಲ್ಲೇ ಮುಗಿಯಲಿಲ್ಲ. ಮುಂದಿನ ಎರಡು ದಶಕಗಳಲ್ಲಿ ಹತ್ತಕ್ಕೂ ಹೆಚ್ಚು ಸಲ ವಿಜ್ಞಾನಿಗಳು ಹಡಗಿನಲ್ಲಿ ಕಬ್ಬಿಣದ ಲವಣ ತುಂಬಿಕೊಂಡು ಹೋಗಿ ನಡುಗಡಲಿಗೆ ಸುರಿದು ಬಂದರು. ಕೊನೆಯ ದೊಡ್ಡ ಪ್ರಯೋಗದ ನೊಗಕ್ಕೆ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯೂ ಹೆಗಲು ಕೊಟ್ಟಿತ್ತು. ಆ ಪ್ರಯೋಗಗಳಿಂದ ಹಿಮಯುಗವೇನೂ ಬರಲಿಲ್ಲ. ಆದರೆ ಕಣ್ಣಿಗೆ ಕಾಣದ ಜೀವಿಗಳೂ ಒಂದು ಚಿಟಿಕೆ ಲೋಹವೂ ಸೇರಿ ಭೂಮಿಯ ಹವಾಮಾನವನ್ನು ಹೇಗೆ ಆಳುತ್ತವೆ, ಆ ಆಳ್ವಿಕೆಯಲ್ಲಿ ಕೈ ಹಾಕುವುದು ಎಷ್ಟು ಕಷ್ಟ ಎಂಬುದು ಮನುಷ್ಯನಿಗೆ ಒಂದಿಷ್ಟು ತಿಳಿಯಿತು.

ಮಾರ್ಟಿನ್ ಬಿಡಿಸಲು ಹೊರಟಿದ್ದ ಒಗಟು ಅವರಿಗಿಂತ ಹಳೆಯದು. ಕಡಲ ಮೇಲ್ಪದರದಲ್ಲಿ, ಬಿಸಿಲು ತಲುಪುವಷ್ಟು ಆಳದವರೆಗೆ, ಬರಿಗಣ್ಣಿಗೆ ಕಾಣದ ಕೋಟ್ಯನುಕೋಟಿ ತೇಲುಸಸ್ಯಗಳಿವೆ. ವಿಜ್ಞಾನಿಗಳು ಇವನ್ನು ಫೈಟೋಪ್ಲಾಂಕ್ಟನ್ ಎನ್ನುತ್ತಾರೆ. ಒಂದು ಹನಿ ನೀರಿನಲ್ಲಿ ಸಾವಿರಗಟ್ಟಲೆ ಇರಬಹುದು. ನೆಲದ ಕಾಡು, ಹೊಲ, ಹುಲ್ಲುಗಾವಲುಗಳೆಲ್ಲ ಸೇರಿ ಒಂದು ವರ್ಷದಲ್ಲಿ ಹೀರುವ ಇಂಗಾಲಕ್ಕೆ ಹೆಚ್ಚುಕಡಿಮೆ ಸಮನಾದಷ್ಟನ್ನು ಇವೂ ಹೀರುತ್ತವೆ. ಪ್ರಪಂಚದ ದ್ಯುತಿಸಂಶ್ಲೇಷಣೆಯಲ್ಲಿ ಅರ್ಧಪಾಲು ಇವುಗಳದು. ಸಿಗಡಿಯಿಂದ ತಿಮಿಂಗಿಲದವರೆಗೆ ಕಡಲಿನ ಊಟದ ಎಲೆಗೆ ಬಡಿಸುವವು ಇವೇ. ಮಳೆಗಾಲದಲ್ಲಿ ನಮ್ಮ ಕರಾವಳಿಯ ತಳದ ತಣ್ಣೀರು ಗೊಬ್ಬರವನ್ನು ಹೊತ್ತು ಮೇಲೆದ್ದಾಗ ತೇಲುಸಸ್ಯಗಳು ಹುಲುಸಾಗುತ್ತವೆ; ಮಂಗಳೂರು, ಮಲ್ಪೆಗಳ ದಕ್ಕೆಗೆ ಬರುವ ಬೂತಾಯಿ, ಬಂಗುಡೆಗಳ ಮೂಲವೂ ಅಲ್ಲೇ ಇದೆ.

ಸಸ್ಯವೆಂದ ಮೇಲೆ ಗೊಬ್ಬರ ಬೇಕು. ಸಾರಜನಕ, ರಂಜಕ ಇದ್ದರೆ ಬೆಳೆ, ಇಲ್ಲದಿದ್ದರೆ ಇಲ್ಲ. ಆದರೆ 1920 ಮತ್ತು 30ರ ದಶಕಗಳಲ್ಲಿ ಬ್ರಿಟನ್ನಿನ 'ಡಿಸ್ಕವರಿ' ಯಾನಗಳು ದಕ್ಷಿಣ ಧ್ರುವದ ಸುತ್ತಲಿನ ಸಾಗರವನ್ನು ಪರೀಕ್ಷಿಸಿದಾಗ ವಿಚಿತ್ರವೊಂದು ಕಂಡಿತು. ಅಲ್ಲಿ ನೈಟ್ರೇಟ್, ಫಾಸ್ಫೇಟ್ ಸಮೃದ್ಧವಾಗಿದ್ದವು. ಬೇಸಿಗೆಯಲ್ಲಿ ಬಿಸಿಲಿಗೂ ಬರವಿರಲಿಲ್ಲ. ಆದರೂ ಬಹುಪಾಲು ನೀರು ಹಸಿರಾಗದೆ ನೀಲಿಯಾಗಿಯೇ ಉಳಿದಿತ್ತು. ಸಮಭಾಜಕದ ಪೆಸಿಫಿಕ್, ಅಲಾಸ್ಕದ ದಕ್ಷಿಣದ ಪೆಸಿಫಿಕ್ ಭಾಗಗಳಲ್ಲೂ ಇದೇ ಕತೆಯೆಂದು ಮುಂದೆ ಗೊತ್ತಾಯಿತು. ಪ್ರಪಂಚದ ಸಾಗರಗಳಲ್ಲಿ ಸುಮಾರು ಮೂರನೇ ಒಂದು ಭಾಗ ಹೀಗೆ ಗೊಬ್ಬರ ಹಾಕಿಯೂ ಬೆಳೆ ಬಾರದ ಹೊಲ.

ಇಂಥ ಹೊಲಕ್ಕೆ ರೈತನ ಬಳಿ ಒಂದು ವಿವರಣೆ ಇದೆ. ಯೂರಿಯಾ, ಸೂಪರ್ ಫಾಸ್ಫೇಟ್ ಎಷ್ಟು ಸುರಿದರೂ ಭತ್ತ ಚೇತರಿಸಿಕೊಳ್ಳದಿದ್ದರೆ ಸತುವಿನ ಕೊರತೆಯೆಂದು ಎಕರೆಗೆ ಕೆಲವು ಕಿಲೋ ಜಿಂಕ್ ಸಲ್ಫೇಟ್ ಹಾಕುತ್ತಾನೆ. ಅತ್ಯಂತ ಕಡಿಮೆ ಇರುವ ಪೋಷಕಾಂಶವೇ ಬೆಳೆಯ ಮಿತಿ ಎಂಬ ಈ ನಿಯಮವನ್ನು ಜರ್ಮನಿಯ ಲೀಬಿಗ್ ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಚಾರಕ್ಕೆ ತಂದಿದ್ದ. ಕಡಲಿನಲ್ಲಿ ಆ ಕೊರತೆ ಕಬ್ಬಿಣದ್ದಿರಬಹುದೆಂದು ನಾರ್ವೆಯ ಜೀವವಿಜ್ಞಾನಿ ಗ್ರಾನ್ 1931ರಲ್ಲೇ ಊಹಿಸಿದ್ದರು. ಆದರೆ ಊಹೆಯನ್ನು ಪರೀಕ್ಷಿಸಲು ದಾರಿಯಿರಲಿಲ್ಲ. ಅರ್ಧ ಶತಮಾನ ಅದು ಪುಸ್ತಕದ ಮೂಲೆಯಲ್ಲಿ ಮಲಗಿತ್ತು.

ಕಬ್ಬಿಣಕ್ಕೆ ಬರವೆಂದರೆ ನಂಬುವುದಾದರೂ ಹೇಗೆ? ಭೂಮಿಯ ತೂಕದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಕಬ್ಬಿಣವೇ. ಇಲ್ಲಿ ರಸಾಯನಶಾಸ್ತ್ರದ ಒಂದು ಬಹಳ ಹಳೆಯ ಕತೆಯಿದೆ, ಅದಕ್ಕೆ ಸಾಕ್ಷಿ ಬಳ್ಳಾರಿ ಸೀಮೆಯಲ್ಲೇ ಸಿಗುತ್ತದೆ.

ಭೂಮಿಯ ಮೊದಲರ್ಧ ಆಯುಷ್ಯದಲ್ಲಿ ಗಾಳಿಯಲ್ಲಿ ಆಮ್ಲಜನಕವಿರಲಿಲ್ಲ. ಆಮ್ಲಜನಕವಿಲ್ಲದ ನೀರಿನಲ್ಲಿ ಕಬ್ಬಿಣ ಸಕ್ಕರೆಯಂತೆ ಕರಗಿಯೇ ಇರುತ್ತದೆ. ಆಗಿನ ಕಡಲುಗಳಲ್ಲಿ ಅದು ಧಾರಾಳವಾಗಿತ್ತು. ಆ ಕಾಲದಲ್ಲಿ ಹುಟ್ಟಿದ ಸೂಕ್ಷ್ಮಜೀವಿಗಳು ಕೈಗೆ ಸಿಕ್ಕ ಕಬ್ಬಿಣದಿಂದಲೇ ತಮ್ಮ ಯಂತ್ರಗಳನ್ನು ಕಟ್ಟಿಕೊಂಡವು: ಬಿಸಿಲನ್ನು ಹಿಡಿಯುವ ಯಂತ್ರ, ಉಸಿರಾಡುವ ಯಂತ್ರ, ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುವ ಯಂತ್ರ. ಆಮೇಲೆ ಅವುಗಳಲ್ಲೇ ಒಂದು ಬಣ, ನೀಲಿಹಸಿರು ಬ್ಯಾಕ್ಟೀರಿಯಾಗಳು, ನೀರನ್ನು ಒಡೆದು ಆಮ್ಲಜನಕವನ್ನು ಹೊರಬಿಡಲು ಕಲಿತವು. ಆಮ್ಲಜನಕ ತಾಗಿದ ಕಬ್ಬಿಣ ತುಕ್ಕಾಗುತ್ತದೆ, ತುಕ್ಕು ನೀರಿನಲ್ಲಿ ಕರಗದೆ ತಳ ಸೇರುತ್ತದೆ. ಸುಮಾರು 240 ಕೋಟಿ ವರ್ಷಗಳ ಹಿಂದೆ ಗಾಳಿಯಲ್ಲಿ ಆಮ್ಲಜನಕ ನೆಲೆಯೂರಿತು. ಕಾಲಕ್ರಮದಲ್ಲಿ ಕಡಲಿನ ಕಬ್ಬಿಣ ಬರಿದಾಯಿತು. ಸೂಕ್ಷ್ಮಜೀವಿಗಳು ತಾವು ಕುಡಿಯುವ ಬಾವಿಯನ್ನು ತಾವೇ ಮುಚ್ಚಿಕೊಂಡ ಹಾಗಾಯಿತು. ಯಂತ್ರಗಳನ್ನು ಮಾತ್ರ ಬದಲಿಸಿಕೊಳ್ಳಲು ಆಗಲಿಲ್ಲ. ಇಂದಿಗೂ ಅವು ಕಬ್ಬಿಣದವೇ.

ಸಂಡೂರಿನ ಕೆಂಪು ಬೆಟ್ಟಗಳು, 2005ರವರೆಗೆ ಗಣಿಗಾರಿಕೆ ನಡೆದ ಕುದುರೆಮುಖದ ಅದಿರು, ಇವೆಲ್ಲ 250 ಕೋಟಿ ವರ್ಷಗಳಿಗೂ ಹಿಂದೆ ಪ್ರಾಚೀನ ಕಡಲ ತಳದಲ್ಲಿ ಪದರಪದರವಾಗಿ ಕುಳಿತ ಕಬ್ಬಿಣ. ಹಾಗೆ ಕುಳಿತುಕೊಳ್ಳುವುದರಲ್ಲಿ ಸೂಕ್ಷ್ಮಜೀವಿಗಳ ಕೈವಾಡವಿತ್ತೆಂಬುದು ಬಹುತೇಕ ಭೂವಿಜ್ಞಾನಿಗಳ ಅಭಿಪ್ರಾಯ. ನಾವು ಲಾರಿಗಳಲ್ಲಿ ತುಂಬಿ ಸಾಗಿಸುವುದು ಒಂದಾನೊಂದು ಕಾಲದ ಕಡಲು ಕಳೆದುಕೊಂಡ ಸೊತ್ತನ್ನು.

ಈಗ ತೆರೆದ ಸಾಗರದ ಒಂದು ಲೀಟರ್ ನೀರಿನಲ್ಲಿ ಕರಗಿರುವ ಕಬ್ಬಿಣ ಕೆಲವೇ ನ್ಯಾನೋಗ್ರಾಂ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲು ನ್ಯಾನೋಗ್ರಾಂ. ನದಿಗಳು ತರುವ ಕಬ್ಬಿಣ ಹೆಚ್ಚಾಗಿ ದಡದ ಬಳಿಯೇ ಕೆಸರಿನೊಡನೆ ಕೂರುತ್ತದೆ. ನಡುಗಡಲಿಗೆ ಮುಖ್ಯವಾಗಿ ತಲುಪುವುದು ಗಾಳಿಯಲ್ಲಿ ಹಾರಿಬಂದ ಮರುಭೂಮಿಯ ಧೂಳು ಮತ್ತು ಆಳದಿಂದ ಮೇಲೇಳುವ ನೀರಿನಲ್ಲಿ ಉಳಿದ ಒಂದಿಷ್ಟು. ಸಹಾರಾದ ಧೂಳು ಅಟ್ಲಾಂಟಿಕಿಗೆ ಸಿಗುತ್ತದೆ, ಅರಬಸ್ಥಾನದ ಧೂಳು ಅರಬ್ಬಿ ಸಮುದ್ರಕ್ಕೆ ಸಿಗುತ್ತದೆ. ಹಿಮದ ಖಂಡವೊಂದನ್ನು ಸುತ್ತುವರಿದ ದಕ್ಷಿಣ ಸಾಗರಕ್ಕೆ ಧೂಳು ಕೊಡುವವರು ಹತ್ತಿರದಲ್ಲಿ ಯಾರೂ ಇಲ್ಲ.

ಇಷ್ಟು ಅಲ್ಪವಾದುದನ್ನು ಅಳೆಯುವುದೇ ಗ್ರಾನ್ ನಂತರದ ಅರ್ಧ ಶತಮಾನದ ಕಷ್ಟವಾಗಿತ್ತು. ಹಡಗೇ ಕಬ್ಬಿಣ. ಹಡಗಿನ ಒಡಲು, ನೀರೆತ್ತುವ ಪಾತ್ರೆ, ಅದನ್ನು ಇಳಿಬಿಡುವ ಉಕ್ಕಿನ ಹಗ್ಗ, ರಾಟೆಯ ತುಕ್ಕು, ಪ್ರಯೋಗಾಲಯದ ಧೂಳು, ಎಲ್ಲದರಲ್ಲೂ ಕಬ್ಬಿಣ. ಹಿಂದಿನವರು ಕಡಲನ್ನು ಅಳೆಯುತ್ತೇವೆಂದುಕೊಂಡು ಬಹುಪಾಲು ತಮ್ಮ ಹಡಗನ್ನೇ ಅಳೆದಿದ್ದರು. ಸೀಸದ ವಿಷಯದಲ್ಲಿ ಇದೇ ತೊಂದರೆಯನ್ನು ಮೊದಲು ಗುರುತಿಸಿದವರು ಭೂಮಿಯ ವಯಸ್ಸನ್ನು ಲೆಕ್ಕ ಹಾಕಿದ ಕ್ಲೇರ್ ಪ್ಯಾಟರ್ಸನ್. ಧೂಳಿನ ಕಣವೂ ನುಸುಳದ ಕೋಣೆ, ಆಮ್ಲದಲ್ಲಿ ತೊಳೆದ ಪಾತ್ರೆಗಳು, ಮೈಯೆಲ್ಲ ಮುಚ್ಚುವ ಉಡುಪು ಎಂಬ ಮಡಿಯ ಪದ್ಧತಿಯನ್ನು ಅವರು ರೂಢಿಗೆ ತಂದರು. ಮಾರ್ಟಿನ್ ಮತ್ತು ಸಂಗಡಿಗರು ಆ ಮಡಿಯನ್ನು ಹಡಗಿಗೆ ಹತ್ತಿಸಿದರು. ಪ್ಲಾಸ್ಟಿಕ್ ಲೇಪದ ಪಾತ್ರೆ, ಲೋಹವಿಲ್ಲದ ಹಗ್ಗ, ಪ್ಲಾಸ್ಟಿಕ್ ಹೊದಿಸಿದ ಕೋಣೆ.

ಮಾರ್ಟಿನ್ ಬಗ್ಗೆ ಒಂದು ಮಾತು. ಕಾಲೇಜಿನ ದಿನಗಳಲ್ಲಿ ಪೋಲಿಯೊ ಬಡಿದು ಅವರ ಕಾಲಿನ ಬಲ ಹೋಗಿತ್ತು. ಹೊಯ್ದಾಡುವ ಹಡಗಿನಲ್ಲಿ ನಿಲ್ಲುವುದೇ ಅಂಥವರಿಗೆ ದುಸ್ತರ. ಆದರೂ ಅವರು ಆರಿಸಿಕೊಂಡದ್ದು ಸಮುದ್ರದ ವೃತ್ತಿಯನ್ನೇ. ಸಹೋದ್ಯೋಗಿ ಸ್ಟೀವ್ ಫಿಟ್ಜ್‌ವಾಟರ್ ಜೊತೆ ಅವರು ಅಲಾಸ್ಕ ಕೊಲ್ಲಿಯ ನೀರನ್ನು ಶುದ್ಧ ಸೀಸೆಗಳಲ್ಲಿ ತುಂಬಿ ಕೆಲವಕ್ಕೆ ಕಬ್ಬಿಣದ ಸುಳಿವಿನಷ್ಟನ್ನು ಬೆರೆಸಿದರು, ಉಳಿದವನ್ನು ಹಾಗೇ ಬಿಟ್ಟರು. ಕೆಲವೇ ದಿನಗಳಲ್ಲಿ ಕಬ್ಬಿಣ ಕಂಡ ಸೀಸೆಗಳಲ್ಲಿ ತೇಲುಸಸ್ಯಗಳು ಹುಲುಸಾಗಿ, ಅಲ್ಲಿದ್ದ ನೈಟ್ರೇಟನ್ನು ತಿಂದು ಮುಗಿಸಿದವು. ಉಳಿದವು ಮಂಕಾಗಿಯೇ ಇದ್ದವು. 1988ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಇಷ್ಟೇ ಆಗಿದ್ದರೆ ಸಾಗರ ವಿಜ್ಞಾನಿಗಳ ಮನೆಮಾತಾಗಿ ಉಳಿಯುತ್ತಿತ್ತು. ಆದರೆ ಅದರ ಹಿಂದಿನ ವರ್ಷವಷ್ಟೇ ದಕ್ಷಿಣ ಧ್ರುವ ಖಂಡದ ವೋಸ್ಟಾಕ್ ಎಂಬಲ್ಲಿ ಕೊರೆದು ತೆಗೆದ ಮಂಜುಗಡ್ಡೆಯ ಕಂಬ ಒಂದು ಲಕ್ಷದ ಅರುವತ್ತು ಸಾವಿರ ವರ್ಷಗಳ ಗಾಳಿಯ ಚರಿತ್ರೆಯನ್ನು ಬಿಚ್ಚಿಟ್ಟಿತ್ತು. ಮಂಜಿನೊಳಗೆ ಸಿಕ್ಕಿಕೊಂಡ ಗುಳ್ಳೆಗಳನ್ನು ಒಡೆದು ನೋಡಿದರೆ, ಬೆಚ್ಚಗಿನ ಕಾಲಗಳಲ್ಲಿ ಹತ್ತು ಲಕ್ಷ ಪಾಲು ಗಾಳಿಯಲ್ಲಿ 280 ಪಾಲು ಇದ್ದ ಇಂಗಾಲದ ಡೈಆಕ್ಸೈಡ್, ಹಿಮಯುಗಗಳಲ್ಲಿ 200ಕ್ಕೂ ಕೆಳಗೆ ಇಳಿದಿತ್ತು. ಹೋದ ಇಂಗಾಲ ಎಲ್ಲಿ ಅಡಗಿತ್ತು? ಅದೇ ಮಂಜಿನಲ್ಲಿ ಧೂಳೂ ಇತ್ತು. ಹಿಮಯುಗ ಒಣ ಯುಗವೂ ಆಗಿತ್ತು. ಗಾಳಿ ಜೋರು, ಧೂಳು ವಿಪರೀತ. ಧೂಳು ಏರಿದಾಗಲೆಲ್ಲ ಇಂಗಾಲ ಇಳಿದಿತ್ತು. ಮಾರ್ಟಿನ್ ಎರಡು ಗೆರೆಗಳನ್ನೂ ಜೋಡಿಸಿದರು. ಧೂಳಿನ ಕಬ್ಬಿಣ ದಕ್ಷಿಣ ಸಾಗರದ ಬಂಜರನ್ನು ಹಸಿರು ಮಾಡಿತು, ಹಸಿರು ಗಾಳಿಯ ಇಂಗಾಲವನ್ನು ಹೀರಿತು, ಸತ್ತು ಮುಳುಗಿ ಅದನ್ನು ಆಳಕ್ಕೆ ಒಯ್ದಿತು, ಭೂಮಿ ಇನ್ನಷ್ಟು ತಣ್ಣಗಾಯಿತು. 1990ರಲ್ಲಿ ಅವರು ಬರೆದ ಈ 'ಕಬ್ಬಿಣದ ವಾದ'ದಿಂದ ಅರ್ಧ ಟ್ಯಾಂಕರಿನ ಮಾತಿಗೂ ಅರ್ಥ ಬಂತು. ಕಬ್ಬಿಣದ ಒಂದು ಪರಮಾಣುವಿನ ಬಲದಿಂದ ತೇಲುಸಸ್ಯಗಳು ಇಂಗಾಲದ ಹತ್ತಾರು ಸಾವಿರದಿಂದ ಲಕ್ಷದವರೆಗಿನ ಪರಮಾಣುಗಳನ್ನು ಹಿಡಿಯಬಲ್ಲವು. ಇಷ್ಟು ಬಡ್ಡಿ ಕೊಡುವ ಗೊಬ್ಬರ ನೆಲದ ಮೇಲೆ ಇನ್ನೊಂದಿಲ್ಲ.

ಹೊಗೆ ಉಗುಳುವುದನ್ನು ಬಿಡದೆಯೇ ಪಾಪ ತೊಳೆದುಕೊಳ್ಳುವ ಉಪಾಯ ಸಿಕ್ಕಿತೆಂದು ಪತ್ರಿಕೆಗಳು ಬರೆದವು. ಭೂಮಿ ಬಿಸಿಯಾಗುತ್ತಿದೆಯೆಂಬ ಗಾಬರಿ ಆಗಷ್ಟೇ ಶುರುವಾಗಿತ್ತು. ಅಮೆರಿಕದ ಜಲವಿಜ್ಞಾನಿಗಳ ಸಂಘ 1991ರಲ್ಲಿ ಇದಕ್ಕೆಂದೇ ಸಮ್ಮೇಳನ ಕರೆದು ಚರ್ಚಿಸಿತು. ಸಣ್ಣ ಪ್ರಯೋಗ ನಡೆಯಲಿ, ಆದರೆ ಕಬ್ಬಿಣ ಸುರಿಯುವುದನ್ನು ಸರ್ಕಾರಗಳು ಹವಾಮಾನಕ್ಕೆ ಪರಿಹಾರವೆಂದು ತಿಳಿಯಬಾರದು ಎಂದು ನಿರ್ಣಯ ಮಾಡಿತು. ವಿರೋಧಿಗಳ ಪ್ರಶ್ನೆ ಸರಳವಾಗಿತ್ತು: ಸೀಸೆಯಲ್ಲಿ ಆದದ್ದು ಕಡಲಲ್ಲಿ ಆಗುತ್ತದೆಯೇ? ಸೀಸೆಯಲ್ಲಿ ತಿನ್ನುವವರಿಲ್ಲ, ಅಲೆಗಳಿಲ್ಲ, ತಳವೂ ಇಲ್ಲ.

ಮಾರ್ಟಿನ್ ಕಡಲಿಗೇ ಇಳಿಯಲು ಸಿದ್ಧರಾದರು. ಆದರೆ ಹಡಗು ಹೊರಡುವ ಮೊದಲೇ, 1993ರ ಜೂನ್‌ನಲ್ಲಿ, ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಅವರಿಗೆ 58 ವರ್ಷ. ಆ ಅಕ್ಟೋಬರಿನಲ್ಲಿ ಶಿಷ್ಯರೂ ಸಹೋದ್ಯೋಗಿಗಳೂ ಗ್ಯಾಲಪಗಾಸ್ ದ್ವೀಪಗಳ ದಕ್ಷಿಣಕ್ಕೆ ಹೋಗಿ 64 ಚದರ ಕಿಲೋಮೀಟರ್ ನೀರಿಗೆ ಸುಮಾರು 450 ಕಿಲೋ ಕಬ್ಬಿಣ ಬಿಟ್ಟರು. ಬಳಸಿದ್ದು ಕಬ್ಬಿಣದ ಸಲ್ಫೇಟ್. ನಮ್ಮಲ್ಲಿ ಹಿಂದೆ ಶಾಯಿ ಮಾಡಲು ಬಳಸುತ್ತಿದ್ದ ಅನ್ನಭೇದಿ ಎಂದರೆ ಇದೇ. ಪಚ್ಚೆ ಬಣ್ಣದ ಹರಳು, ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವಂಥದ್ದು. ನೀರಿನಲ್ಲಿ ಬೇಲಿ ಹಾಕಲಾಗದ್ದರಿಂದ ತಾವು ಗೊಬ್ಬರ ಹಾಕಿದ ಜಾಗ ಯಾವುದೆಂದು ಪತ್ತೆಹಚ್ಚಲು ಜೊತೆಗೆ ಒಂದು ನಿರಪಾಯ ಅನಿಲವನ್ನೂ ಬೆರೆಸಿದ್ದರು. ತೇಲುಸಸ್ಯಗಳು ಹೆಚ್ಚಿದವು ನಿಜ, ಆದರೆ ನಾಲ್ಕೇ ದಿನಗಳಲ್ಲಿ ಪಕ್ಕದ ಹಗುರ ನೀರು ಅದರ ಮೇಲೆ ಹರಿದುಬಂದು ಇಡೀ ತೇಪೆ ಕೆಳಕ್ಕೆ ಜಾರಿತು. ಗಾಳಿಯ ಇಂಗಾಲಕ್ಕೆ ಆದ ಪರಿಣಾಮ ಅತ್ಯಲ್ಪ.

1995ರಲ್ಲಿ ಮತ್ತೆ ಹೋದರು. ಈ ಸಲ ಕಬ್ಬಿಣವನ್ನು ಒಂದೇ ಬಾರಿಗೆ ಸುರಿಯದೆ ಮೂರು ಕಂತಿನಲ್ಲಿ ಹಾಕಿದರು. ವಾರ ಕಳೆಯುವಷ್ಟರಲ್ಲಿ ನೀಲಿ ಪೆಸಿಫಿಕ್ ಊರ ಕೆರೆಯಂತೆ ಹಸಿರಾಯಿತು. ಪತ್ರಹರಿತ್ತು ಇಪ್ಪತ್ತು ಪಟ್ಟಿಗೂ ಮೀರಿ ಏರಿತು, ನೀರಿನಲ್ಲಿದ್ದ ಇಂಗಾಲದ ಡೈಆಕ್ಸೈಡ್ ಎದ್ದುಕಾಣುವಂತೆ ಇಳಿಯಿತು. ತೇಲುಸಸ್ಯಗಳು ಹೊರಬಿಡುವ, ಕಡಲಿನ ಗಾಳಿಗೆ ಅದರದೇ ವಾಸನೆ ಕೊಡುವ ಗಂಧಕದ ಅನಿಲವೂ ಹೆಚ್ಚಿತು. ಅದು ಮೋಡ ಕಟ್ಟಲು ಬೀಜವಾಗುವ ಅನಿಲ. ಕಬ್ಬಿಣದ ಕೈ ಮೋಡದವರೆಗೂ ಚಾಚಬಲ್ಲದೆಂದಾಯಿತು. ಮಾರ್ಟಿನ್ ಅವರ ವಾದದ ಮೊದಲರ್ಧ ಗೆದ್ದಿತ್ತು: ಕಡಲಿಗೆ ಕಬ್ಬಿಣದ ಹಸಿವಿದೆ.

ಎರಡನೇ ಅರ್ಧವೇ ಕಬ್ಬಿಣದ ಕಡಲೆ. ಹಸಿರು ಬೆಳೆದರೆ ಸಾಲದು, ಮುಳುಗಬೇಕು. ಮೇಲ್ಪದರದಲ್ಲೇ ಅದನ್ನು ಯಾವುದೋ ಜೀವಿ ತಿಂದು ಉಸಿರಾಡಿದರೆ, ಅಥವಾ ಬ್ಯಾಕ್ಟೀರಿಯಾಗಳು ಕೊಳೆಸಿದರೆ, ಹೀರಿದ ಇಂಗಾಲ ಬಂದ ದಾರಿಯಲ್ಲೇ ಗಾಳಿಗೆ ಮರಳುತ್ತದೆ. ಸಾವಿರ ಮೀಟರ್ ಆಳಕ್ಕೆ ಇಳಿದರೆ ಮಾತ್ರ ಶತಮಾನಗಳ ಮಟ್ಟಿಗೆ ಸೆರೆ. ಸಾಗರದಲ್ಲಿ ಈಗ ಗಾಳಿಯಲ್ಲಿರುವುದರ ಸುಮಾರು 50 ಪಟ್ಟು ಇಂಗಾಲವಿದೆ. ಅದರ ಬಹುಪಾಲು ಕೂತಿರುವುದು ಈ ಆಳದಲ್ಲಿ.

1999ರಿಂದ ಪ್ರಯೋಗಗಳು ದಕ್ಷಿಣ ಸಾಗರಕ್ಕೆ ಸ್ಥಳಾಂತರಗೊಂಡವು. ಆ ವರ್ಷ ಆಸ್ಟ್ರೇಲಿಯಾದ ದಕ್ಷಿಣಕ್ಕೆ ಹಾಕಿದ ಕಬ್ಬಿಣದ ಹಸಿರು ಆರು ವಾರಗಳಾದ ಮೇಲೂ ಉಪಗ್ರಹದ ಚಿತ್ರದಲ್ಲಿ ಉದ್ದನೆಯ ರಿಬ್ಬನ್ನಿನಂತೆ ಕಾಣಿಸಿತು. ಆದರೆ ಮುಳುಗಿದ್ದಕ್ಕೆ ಸಾಕ್ಷಿ ಸಿಗಲಿಲ್ಲ. ಸಾಕ್ಷಿ ಸಿಕ್ಕಿದ್ದು 2004ರಲ್ಲಿ, ಜರ್ಮನಿಯ 'ಪೋಲಾರ್‌ಸ್ಟರ್ನ್' ಹಡಗಿನ ಪ್ರಯೋಗದಲ್ಲಿ. ಅಲ್ಲಿ ಬೆಳೆದದ್ದು ಡಯಾಟಮ್ ಎಂಬ ಜಾತಿ. ಇವು ಗಾಜಿನ ಡಬ್ಬಿಯೊಳಗೆ ವಾಸಿಸುವ ತೇಲುಸಸ್ಯಗಳು. ನೀರಿನಲ್ಲಿ ಕರಗಿದ ಸಿಲಿಕದಿಂದ ತಮ್ಮ ಸುತ್ತ ಗಟ್ಟಿ ಚಿಪ್ಪು ಕಟ್ಟಿಕೊಳ್ಳುತ್ತವೆ. ಸಾಯುವಾಗ ಒಂದಕ್ಕೊಂದು ಅಂಟಿ ಗೊಂಚಲಾಗಿ ಕೆಳಗಿಳಿಯುತ್ತವೆ. ಹಸಿರಿನ ಕನಿಷ್ಠ ಅರ್ಧಪಾಲು ಸಾವಿರ ಮೀಟರಿಗೂ ಕೆಳಗೆ ಇಳಿಯಿತೆಂದು ಆ ತಂಡ 2012ರಲ್ಲಿ ಪ್ರಕಟಿಸಿತು. ಎಂಟು ವರ್ಷ ಲೆಕ್ಕವನ್ನು ಪರೀಕ್ಷಿಸಿ ಪ್ರಕಟಿಸಿದ್ದು. ಕಾರ್ಬನ್ ಕ್ರೆಡಿಟ್ ಮಾರಲು ಅವಸರಪಡುತ್ತಿದ್ದ ಕಂಪನಿಗಳಿಗೆ ಅಷ್ಟು ತಾಳ್ಮೆ ಇರಲಿಲ್ಲ.

ಆ ತಂಡದ ಮುಖ್ಯಸ್ಥ ವಿಕ್ಟರ್ ಸ್ಮೆಟಾಸೆಕ್ ಭಾರತದಲ್ಲೇ ಹುಟ್ಟಿ ಬೆಳೆದವರು. ಮುಂದಿನ ಪ್ರಯೋಗಕ್ಕೆ ಅವರು ಕೈಜೋಡಿಸಿದ್ದು ಗೋವಾದ ವಾಜಿಹ್ ನಖ್ವಿ ಅವರೊಂದಿಗೆ. ಪ್ರಯೋಗದ ಹೆಸರು 'ಲೋಹಾಫೆಕ್ಸ್'. ಹಿಂದಿಯ 'ಲೋಹಾ' ಎಂಬ ಮಾತನ್ನೇ ಅದಕ್ಕೆ ಇಟ್ಟಿದ್ದರು. ನಖ್ವಿ ಅವರ ಆಯ್ಕೆಗೆ ವಿಶೇಷ ಅರ್ಥವಿತ್ತು. ಕಡಲಿಗೆ ಗೊಬ್ಬರ ಹೆಚ್ಚಾದರೆ ಏನಾಗುತ್ತದೆಂದು ನಮ್ಮ ಪಶ್ಚಿಮ ಕರಾವಳಿಯಲ್ಲೇ ತೋರಿಸಿಕೊಟ್ಟವರು ಅವರು. ಮಳೆಗಾಲದ ಕೊನೆಯಲ್ಲಿ ಇಲ್ಲಿ ಹುಲುಸಾಗಿ ಬೆಳೆದದ್ದೆಲ್ಲ ಸತ್ತು ಕೊಳೆಯುವಾಗ ತಳದ ನೀರಿನ ಆಮ್ಲಜನಕ ಮುಗಿದುಹೋಗುತ್ತದೆ. ಆಗ ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ನೈಟ್ರೇಟನ್ನು ಉಸಿರಾಡತೊಡಗಿ ನೈಟ್ರಸ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತವೆ. ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿನ ಸುಮಾರು 270 ಪಟ್ಟು ಬಿಸಿ ಹಿಡಿಯುವ ಅನಿಲ ಅದು. 2000ದಲ್ಲಿ ಅವರ ತಂಡ ಇದನ್ನು 'ನೇಚರ್'ನಲ್ಲಿ ವರದಿ ಮಾಡಿತ್ತು. ಇಂಗಾಲ ಇಳಿಸಲು ಹೋಗಿ ಇನ್ನೊಂದನ್ನು ಏರಿಸುವ ಅಪಾಯ ಅವರಿಗೆ ಪುಸ್ತಕದ ಮಾತಾಗಿರಲಿಲ್ಲ.

2009ರ ಜನವರಿ 7ರಂದು 20 ಟನ್ ಕಬ್ಬಿಣದ ಸಲ್ಫೇಟ್ ತುಂಬಿಕೊಂಡು ಪೋಲಾರ್‌ಸ್ಟರ್ನ್ ಕೇಪ್‌ಟೌನ್ ಬಿಟ್ಟಿತು. ಅದರಲ್ಲಿದ್ದ ವಿಜ್ಞಾನಿಗಳಲ್ಲಿ ಹೆಚ್ಚಿನವರು ಭಾರತದವರು. ಹಡಗು ದಕ್ಷಿಣಕ್ಕೆ ಹೋಗುತ್ತಿರುವಾಗಲೇ ದಡದಲ್ಲಿ ಗಲಾಟೆ ಎದ್ದಿತು. ಅದರ ಹಿಂದಿನ ವರ್ಷ ಬಾನ್ ನಗರದಲ್ಲಿ ಸೇರಿದ ಜೀವವೈವಿಧ್ಯ ಒಪ್ಪಂದದ ದೇಶಗಳು ಕರಾವಳಿಯ ಸಣ್ಣ ಪ್ರಯೋಗಗಳನ್ನು ಬಿಟ್ಟು ಕಡಲಿಗೆ ಇಂಥ ಗೊಬ್ಬರ ಹಾಕಬಾರದೆಂದು ಕೇಳಿಕೊಂಡಿದ್ದವು. ಇದು ಆ ಮಾತಿನ ಉಲ್ಲಂಘನೆ ಎಂದು ಪರಿಸರ ಸಂಘಟನೆಗಳು ದೂರಿದವು. ಜರ್ಮನಿಯ ಪರಿಸರ ಸಚಿವಾಲಯ ನಿಲ್ಲಿಸಿ ಎಂದಿತು, ಸಂಶೋಧನ ಸಚಿವಾಲಯ ಹೊಸದಾಗಿ ಪರಿಶೀಲನೆ ಮಾಡಿಸಿತು. ಒಂದೇ ಸರ್ಕಾರದ ಎರಡು ಮಂತ್ರಿಗಳ ನಡುವಿನ ಜಗಳಕ್ಕೆ ನಡುಗಡಲಿನ ಹಡಗು ಕಾದು ಕುಳಿತಿತು. ತಿಂಗಳ ಕೊನೆಯಲ್ಲಿ ಅನುಮತಿ ಬಂತು.

ದೊಡ್ಡ ಸುಳಿಯೊಂದರ ನಡುವೆ 300 ಚದರ ಕಿಲೋಮೀಟರ್ ನೀರಿಗೆ ಕಬ್ಬಿಣ ಬಿದ್ದಿತು. ಎರಡು ವಾರಗಳಲ್ಲಿ ತೇಲುಸಸ್ಯಗಳ ತೂಕ ಇಮ್ಮಡಿಯಾಯಿತು. ಆಮೇಲೆ ಬೆಳೆ ನಿಂತಿತು. ಅಕ್ಕಿಕಾಳಿನಷ್ಟಿರುವ, ಸಿಗಡಿಯ ದೂರದ ನೆಂಟರಾದ ಕೋಪೆಪಾಡ್ ಎಂಬ ಜೀವಿಗಳು ಹಿಂಡುಹಿಂಡಾಗಿ ಬಂದು ಬೆಳೆದದ್ದನ್ನೆಲ್ಲ ಮೇದವು. ಅವನ್ನು ತಿನ್ನಲು ಅವುಗಳಿಗಿಂತ ದೊಡ್ಡ ಸಿಗಡಿಯಂಥ ಜೀವಿಗಳು ಸೇರಿದವು. ಇನ್ನಷ್ಟು ಕಬ್ಬಿಣ ಹಾಕಿದರೂ ತೇಲುಸಸ್ಯಗಳು ಹೆಚ್ಚಲಿಲ್ಲ. ಗಾಜಿನ ಚಿಪ್ಪಿನ ಡಯಾಟಮ್‌ಗಳಿದ್ದಿದ್ದರೆ ಮೇಯುವವರಿಗೆ ಅಷ್ಟು ಸುಲಭವಾಗುತ್ತಿರಲಿಲ್ಲ. ಆದರೆ ಆ ಜಾಗದ ನೀರಿನಲ್ಲಿ ಸಿಲಿಕ ಇರಲಿಲ್ಲ. ಹಿಂದಿನ ಸಹಜ ಬೆಳೆಗಳು ಅದನ್ನು ಬಳಸಿ ಮುಗಿಸಿದ್ದವು. ಆಳಕ್ಕೆ ಇಳಿದ ಇಂಗಾಲ ಬಹಳ ಸ್ವಲ್ಪ.

ವಿರೋಧಿಗಳಿಗೆ ಇದು ಗೆಲುವಾಗಿ ಕಂಡಿತು, ವ್ಯಾಪಾರಿಗಳಿಗೆ ಸೋಲಾಗಿ ಕಂಡಿತು. ನಿಜವಾಗಿ ನೋಡಿದರೆ ಎಲ್ಲ ಪ್ರಯೋಗಗಳಲ್ಲಿ ಹೆಚ್ಚು ಕಲಿಸಿದ್ದು ಬಹುಶಃ ಇದೇ. ಅನ್ನಭೇದಿ ಎಷ್ಟು ಟನ್ನು ಎಂಬ ಲೆಕ್ಕದಿಂದ ಇಂಗಾಲ ಎಷ್ಟು ಟನ್ನು ಎಂಬ ಲೆಕ್ಕಕ್ಕೆ ನೇರ ದಾರಿ ಇಲ್ಲ. ನಡುವೆ ಯಾವ ಜಾತಿ ಬೆಳೆಯಿತು, ಯಾರು ಮೇದರು, ಮೊದಲಿನ ಬೆಳೆ ನೀರಿನಲ್ಲಿ ಏನು ಉಳಿಸಿಹೋಗಿತ್ತು ಎಂಬ ಜೀವಿಗಳ ಸಂಸಾರವೇ ಇದೆ. 2012ರಲ್ಲಿ ಕೆನಡಾದ ಪಶ್ಚಿಮ ತೀರದಾಚೆ ಒಂದು ಕಂಪನಿ ಸಾಲ್ಮನ್ ಮೀನು ಹೆಚ್ಚಿಸುವ, ಕಾರ್ಬನ್ ಕ್ರೆಡಿಟ್ ಮಾರುವ ಆಸೆಯಿಂದ ಸುಮಾರು 100 ಟನ್ ಕಬ್ಬಿಣದ ಸಲ್ಫೇಟನ್ನು ಕಡಲಿಗೆ ಸುರಿದಾಗ ಜಗತ್ತೆಲ್ಲ ಹುಯಿಲೆದ್ದಿತು. ಅಲ್ಲಿ ಎಷ್ಟು ಮುಳುಗಿತೆಂದು ಯಾರೂ ಖಚಿತವಾಗಿ ಹೇಳಲಾರರು. ಮರುವರ್ಷ ಲಂಡನ್ ಒಪ್ಪಂದದ ದೇಶಗಳು ಸಂಶೋಧನೆ ಬಿಟ್ಟು ಬೇರಾವ ಕಾರಣಕ್ಕೂ ಹೀಗೆ ಮಾಡಕೂಡದೆಂಬ ತಿದ್ದುಪಡಿಗೆ ಒಪ್ಪಿದವು.

ಈ ಸಂಸಾರದಲ್ಲಿ ಮನುಷ್ಯ ಮೊದಲೇ ಕೈ ಹಾಕಿದ್ದನೆಂಬುದೂ ಈ ನಡುವೆ ಬೆಳಕಿಗೆ ಬಂತು. ಇಪ್ಪತ್ತನೆಯ ಶತಮಾನದಲ್ಲಿ ದಕ್ಷಿಣ ಗೋಲಾರ್ಧದಲ್ಲಿ 20 ಲಕ್ಷಕ್ಕೂ ಹೆಚ್ಚು ತಿಮಿಂಗಿಲಗಳನ್ನು ಎಣ್ಣೆಗಾಗಿ ಕೊಲ್ಲಲಾಯಿತು. ಅವುಗಳ ಆಹಾರವಾದ ಕ್ರಿಲ್ ಎಂಬ ಸಿಗಡಿ ಆಮೇಲೆ ಹೇರಳವಾಗಬೇಕಿತ್ತು. ಆಗಲಿಲ್ಲ, ದಕ್ಷಿಣ ಅಟ್ಲಾಂಟಿಕದ ಕಡೆ ಕಡಿಮೆಯೇ ಆಯಿತು. ತಿಮಿಂಗಿಲದ ಸೆಗಣಿಯನ್ನು ಪರೀಕ್ಷಿಸಿದ ಆಸ್ಟ್ರೇಲಿಯಾದ ವಿಜ್ಞಾನಿಗಳು 2010ರಲ್ಲಿ ಒಂದು ಉತ್ತರ ಸೂಚಿಸಿದರು. ಅದರಲ್ಲಿ ಕಬ್ಬಿಣ ಸುತ್ತಲಿನ ನೀರಿಗಿಂತ ಸುಮಾರು ಒಂದು ಕೋಟಿ ಪಟ್ಟು ಹೆಚ್ಚು. ತಿಮಿಂಗಿಲ ಕ್ರಿಲ್ ತಿಂದು ಕಬ್ಬಿಣವನ್ನು ಮೇಲ್ಪದರಕ್ಕೆ ಮರಳಿಸುತ್ತದೆ, ಅದರಿಂದ ತೇಲುಸಸ್ಯ ಬೆಳೆಯುತ್ತದೆ, ಅದನ್ನು ಕ್ರಿಲ್ ತಿನ್ನುತ್ತದೆ. ಹಟ್ಟಿಯ ದನ ಮಾರಿದವನಿಗೆ ಗದ್ದೆಯ ಗೊಬ್ಬರವೂ ತಪ್ಪುತ್ತದೆ. ಕಡಲ ಲೆಕ್ಕವೂ ಹಾಗೆಯೇ ಇರಬೇಕು.

ಮಾರ್ಟಿನ್ ಅವರ ಹಿಮಯುಗದ ವಾದ ಏನಾಯಿತು? ಅದಕ್ಕೆ ಬಲವಾದ ಆಧಾರ ಸಿಕ್ಕಿದ್ದು ಅವರು ತೀರಿಕೊಂಡ ಎರಡು ದಶಕಗಳ ಮೇಲೆ. ದಕ್ಷಿಣ ಅಟ್ಲಾಂಟಿಕದ ತಳದ ಕೆಸರಿನಲ್ಲಿ ಹೂತ ಸೂಕ್ಷ್ಮ ಚಿಪ್ಪುಗಳಲ್ಲಿನ ಸಾರಜನಕವನ್ನು ಪರೀಕ್ಷಿಸಿ 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ತಂಡ, ಹಿಮಯುಗದಲ್ಲಿ ಧೂಳು ಹೆಚ್ಚಿದಾಗ ಆ ನೀರಿನ ನೈಟ್ರೇಟ್ ಹೆಚ್ಚು ಪೂರ್ಣವಾಗಿ ಬಳಕೆಯಾಗಿತ್ತೆಂದು ತೋರಿಸಿತು. ಹಿಮಯುಗದ ಇಂಗಾಲದ ಇಳಿತದಲ್ಲಿ ಹೆಚ್ಚೆಂದರೆ ಅರ್ಧದವರೆಗೆ ಇದರ ಪಾತ್ರವಿರಬಹುದು. ಆದರೆ ಆ ಕೆಲಸಕ್ಕೆ ಪ್ರಕೃತಿ ತೆಗೆದುಕೊಂಡದ್ದು ಸಾವಿರಾರು ವರ್ಷ. ಇಂದು ಗಾಳಿಯಲ್ಲಿ ಹತ್ತು ಲಕ್ಷಕ್ಕೆ 420 ಪಾಲನ್ನೂ ಮೀರಿರುವ ಡೈಆಕ್ಸೈಡಿನ ಹೆಚ್ಚಿನ ಏರಿಕೆ ಕಳೆದ ನೂರು ವರ್ಷಗಳದು.

2019ರ ಕೊನೆಯಿಂದ 2020ರ ಆರಂಭದವರೆಗೆ ಆಸ್ಟ್ರೇಲಿಯಾದ ಕಾಡುಗಳು ಉರಿದವು. ಹೊಗೆ ಪೂರ್ವಕ್ಕೆ ತೇಲಿ ದಕ್ಷಿಣ ಪೆಸಿಫಿಕಿನ ಮೇಲೆ ಸಾವಿರಾರು ಕಿಲೋಮೀಟರ್ ಹರಡಿತು. ಅದರ ಬೂದಿಯಲ್ಲಿ ಕಬ್ಬಿಣವಿತ್ತು. ಕೆಲವೇ ವಾರಗಳಲ್ಲಿ ಆ ನೀಲಿ ನೀರು ಆಸ್ಟ್ರೇಲಿಯಾವನ್ನೂ ಮೀರುವ ವಿಸ್ತಾರಕ್ಕೆ ಹಸಿರಾದದ್ದನ್ನು ಉಪಗ್ರಹಗಳು ಕಂಡವು. ಮಾರ್ಟಿನ್ ಅವರ ಶಿಷ್ಯರು ಹಡಗಿನಿಂದ ಸುರಿದ 450 ಕಿಲೋ ಇದರ ಮುಂದೆ ಒಂದು ಚಿಟಿಕೆ. ಉಪಗ್ರಹಕ್ಕೆ ಕಾಣುವುದು ಮೇಲಿನ ಹಸಿರು ಮಾತ್ರ. ಅದರಲ್ಲಿ ಎಷ್ಟು ಆಳಕ್ಕೆ ಇಳಿಯಿತು, ಎಷ್ಟು ಕೋಪೆಪಾಡ್‌ಗಳ ಹೊಟ್ಟೆ ಸೇರಿ ಮತ್ತೆ ಗಾಳಿಗೆ ಬಂತು ಎಂಬುದು ಅದರ ಕಣ್ಣಿಗೆ ಬೀಳುವುದಿಲ್ಲ.